ಗಿಟಾರಿನ ಗುಡುಗುಡಿ

ನಮ್ಮ ವಿಜಯಪುರ ಸೀಮೆಯಲ್ಲಿ ಹಾಡು ಕೇಳುವವರು ಎರಡು ಪಕ್ಷವಾಗಿ ಕೂಡುವುದು ಹೊಸದೇನಲ್ಲ. ಜಾತ್ರೆಯ ರಾತ್ರಿ ಹರದೇಶಿ ಮೇಳ ಒಂದು ಕಡೆ, ನಾಗೇಶಿ ಮೇಳ ಇನ್ನೊಂದು ಕಡೆ. ಶಿವನೇ ಮೇಲು, ಗಂಡೇ ಮೇಲು ಎಂದು ಹರದೇಶಿಯವರು ಎತ್ತಿದರೆ, ಶಕ್ತಿಯಿಲ್ಲದೆ ನಿಮ್ಮ ಶಿವ ಎಲ್ಲಿ ಎಂದು ನಾಗೇಶಿಯವರು ತಿರುಗಿ ಹಾಡುತ್ತಾರೆ. ದಪ್ಪು, ತುಂತುಣಿ, ತಾಳ, ಸವಾಲು, ಜವಾಬು, ಬೆಳಕು ಹರಿಯುವ ತನಕ ಇದೇ. ಕೂತ ಜನರಲ್ಲಿಯೂ ಇವರು ಅತ್ತ, ಅವರು ಇತ್ತ. ಚಿಕ್ಕವಳಿದ್ದಾಗ ನನಗೆ ಆ ಜಗಳಕ್ಕಿಂತ ಜಗಳದ ನಡುವೆ ಅವರು ಕೇಳುತ್ತಿದ್ದ ರೀತಿ ಬೆರಗೆನಿಸುತ್ತಿತ್ತು. ಒಂದು ಮೇಳ ಹಾಡುವಾಗ ಇನ್ನೊಂದು ಮೇಳದವರು ಮೈಯೆಲ್ಲ ಕಿವಿಯಾಗಿ ಕೂತಿರುತ್ತಿದ್ದರು. ಎದುರಿನವರು ಯಾವ ಕತೆ ತಂದರು, ಯಾವ ಧಾಟಿಯಲ್ಲಿ ಎತ್ತಿದರು, ಎಲ್ಲಿ ಸಂದು ಬಿಟ್ಟರು ಎಂಬುದು ಗೊತ್ತಾಗದೆ ಜವಾಬು ಕಟ್ಟಲು ಬರುವುದಿಲ್ಲ. ಅರ್ಧ ಕೇಳಿ ಎದ್ದು ಹೋದವನಿಗೆ ಆ ರಾತ್ರಿ ಬಾಯಿ ತೆರೆಯುವ ಹಕ್ಕೇ ಇಲ್ಲ.

ಇದನ್ನು ಇಲ್ಲಿ ಹೇಳಲು ಕಾರಣ ರಘು ದೀಕ್ಷಿತರ ಒಂದು ಆಲ್ಬಮ್ಮು. 2008ರಲ್ಲಿ ಮುಂಬೈಯ ಸಂಗೀತ ನಿರ್ದೇಶಕರ ಜೋಡಿ ವಿಶಾಲ್–ಶೇಖರ್ ತಮ್ಮದೇ ಕಂಪನಿಯಿಂದ ಹೊರತಂದದ್ದು. ಎಂಟು ಹಾಡು. ಹೆಚ್ಚಿನವು ಹಿಂದಿಯವು, ಇಂಗ್ಲಿಷಿನದೊಂದು, ಅವುಗಳ ನಡುವೆ ಶಿಶುನಾಳ ಶರೀಫರ ಎರಡು ತತ್ವಪದಗಳು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನೆಯ ಮಾಳಿಗಿ’. ರಘು ಹುಟ್ಟಿದ್ದು ನಾಸಿಕದಲ್ಲಿ, ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಕಲಿತದ್ದು ಭರತನಾಟ್ಯ. ಗಿಟಾರು, ಡ್ರಮ್ಮು, ವಯೋಲಿನ್ನುಗಳ ನಡುವೆ ನಿಂತು, ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಈ ಮನುಷ್ಯ ಶರೀಫಜ್ಜನನ್ನು ಹಾಡಿದಾಗ ಕೇಳಿದ ಜನ ಎರಡಾದರು. ಇದೆಂಥ ಅಪಚಾರ ಎಂದವರಿದ್ದರು, ಇಷ್ಟು ದಿನ ಶರೀಫರು ನಮಗೆ ಯಾಕೆ ಸಿಕ್ಕಿರಲಿಲ್ಲ ಎಂದ ಹುಡುಗರೂ ಇದ್ದರು. ಹೊರಗಿನವರ ಮಾತು ಇರಲಿ. ನಮ್ಮ ಮನೆಯ ಮಂದಿಯೊಳಗೇ ಆ ಆಲ್ಬಮ್ಮು ಹೇಗೆ ಭಾಗವಾಯಿತು ಎಂಬುದನ್ನು ಹೇಳುತ್ತೇನೆ, ಯಾಕೆಂದರೆ ಅದು ನಾನು ಎಣಿಸಿದಂತೆ ಭಾಗವಾಗಲಿಲ್ಲ.

ನನ್ನ ತವರು ತಿಕೋಟಾ. ಅಕ್ಕನನ್ನು ಕೊಟ್ಟದ್ದು ಬಬಲೇಶ್ವರಕ್ಕೆ. ನಾನಿರುವುದು ವಿಜಯಪುರ ಪಟ್ಟಣದಲ್ಲಿ. ಅಥಣಿ ರಸ್ತೆ ಹಿಡಿದರೆ ಒಂದು ಊರು, ಜಮಖಂಡಿ ರಸ್ತೆ ಹಿಡಿದರೆ ಇನ್ನೊಂದು. ಎಂಟು ಹಾಡಿನ ಆ ಆಲ್ಬಮ್ಮು ಈ ಊರುಗಳಿಗೆ ಎಂಟು ಹಾಡಾಗಿ ಬರಲೇ ಇಲ್ಲ. ಆಗ ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ಹಾಡು ತುಂಬಿಸಿಕೊಳ್ಳುವ ಕಾಲ. ಅಂಗಡಿಯವನು ತನ್ನ ಕಂಪ್ಯೂಟರಿನಿಂದ ಸಿನಿಮಾ ಹಾಡು, ಭಕ್ತಿಗೀತೆ, ಜಾನಪದ ಎಲ್ಲವನ್ನೂ ಒಟ್ಟಿಗೆ ಸುರಿದು ಕೊಡುತ್ತಿದ್ದ. ಹಾಗೆ ಸುರಿದ ರಾಶಿಯಲ್ಲಿ ರಘು ದೀಕ್ಷಿತರ ಎರಡು ಕನ್ನಡ ಹಾಡುಗಳಷ್ಟೇ ಇದ್ದವು. ಮೇಲೆ ಹಾಡಿದವರ ಹೆಸರೂ ಇರಲಿಲ್ಲ. ಉಳಿದ ಆರು ಹಾಡು ಬಂದಿದ್ದು ಎಷ್ಟೋ ದಿನದ ಮೇಲೆ, ನನ್ನ ತಮ್ಮನ ಮಗ ಎಂಜಿನಿಯರಿಂಗ್ ಓದಲು ನನ್ನ ಮನೆಯಲ್ಲಿ ಉಳಿದುಕೊಂಡ ಮೇಲೆ.

ಈ ಅಳಿಯನಿಗೆ ಗಿಟಾರು ಹುಚ್ಚು. ಮೆಟಾಲಿಕಾ ಎಂಬ ಅಮೆರಿಕದ ತಂಡದ ಹಾಡುಗಳನ್ನು ಬಾಗಿಲು ಹಾಕಿಕೊಂಡು ಕೇಳುವವನು. ನಮ್ಮ ಕಾಕಾ ತಿಕೋಟಾದ ಭಜನಾ ಮೇಳದ ಹಿರಿಯರು, ಹಾರ್ಮೋನಿಯಂ ಪೇಟಿ ಹಿಡಿದು ಪದ ಹೇಳುವವರು. ಹುಡುಗ ರಘುವಿನ ಕಡೆ, ಕಾಕಾ ವಿರುದ್ಧ ಎಂದು ನಾನು ಮೊದಲೇ ಲೆಕ್ಕ ಹಾಕಿಬಿಟ್ಟಿದ್ದೆ. ಮಾರ್ಚ್ ತಿಂಗಳು. ತೋಟದ ದ್ರಾಕ್ಷಿ ಇಳಿಸಿ ಒಣಗಲು ಹಾಕಿದ್ದರು. ಶೆಡ್ಡಿನಲ್ಲಿ ಸಾಲುಸಾಲಾಗಿ ಬಲೆ ಬಿಗಿದ ರ‍್ಯಾಕುಗಳು, ಹಸಿರು ಹೋಗಿ ಹೊನ್ನಿನ ಬಣ್ಣಕ್ಕೆ ತಿರುಗುತ್ತಿದ್ದ ಗೊನೆಗಳು, ಕೆಳಗೆ ಕೂತು ಒಣದ್ರಾಕ್ಷಿ ಆರಿಸುವ ಹೆಣ್ಣುಮಕ್ಕಳು. ಅಳಿಯ ಫೋನಿಗೆ ಸ್ಪೀಕರು ಸಿಕ್ಕಿಸಿ ‘ಗುಡುಗುಡಿ’ ಹಚ್ಚಿದ. ಕಾಕಾ ಕಣ್ಣು ಮುಚ್ಚಿಕೊಂಡು ಕೂತರು. ಹಾಡು ಮುಗಿದ ಮೇಲೆ ಹೇಳಿದ್ದು ಇಷ್ಟು: “ಇನ್ನೊಮ್ಮೆ ಹಚ್ಚಪಾ.”

ಎರಡನೇ ಸಲ ಅವರ ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. “ಇದು ನಮ್ಮ ದಮ್ಮಡಿಗಿ ಕೂಡತೈತಿ ನೋಡು. ಭಜನ್ಯಾಗ ನಡುರಾತ್ರಿ ಆದ ಮ್ಯಾಲ, ಮಂದಿಗಿ ನಿದ್ದಿ ಬರೂ ಹೊತ್ತಿನ್ಯಾಗ ನಾವೂ ಹಿಂಗ ಏರಸ್ತೀವಿ. ಅಂವ ಏರಸೂದು ಬಲ್ಲ.”

ಮೆಚ್ಚದವನು ಅಳಿಯ. “ಮುತ್ಯಾ, ಇದು ರಾಕ್ ಅಲ್ಲೇ ಅಲ್ಲ. ಗಿಟಾರು ಭಾಳ ಸಾದಾ ಐತಿ. ಎಲ್ಲಾರಿಗೂ ಹಿಡಸಬೇಕಂತ ಮೆತ್ತಗ ಮಾಡ್ಯಾರ,” ಎಂದ. ಅವನ ಗೆಳೆಯರ ಗುಂಪಿನಲ್ಲಿ ಇದೇ ದೊಡ್ಡ ಆಕ್ಷೇಪವಂತೆ. ತಂತಿ ಹರಿಯುವ ಹಾಗೆ ಬಾರಿಸಬೇಕಿದ್ದ ಕಡೆ ಮಂದಿ ಚಪ್ಪಾಳೆ ಹೊಡೆಯುವ ಹಾಗೆ ಬಾರಿಸಿದ್ದಾರೆ ಎಂದು. ಹಳೆಯದರ ಪಕ್ಷದವರಿಗೆ ಅತಿ ಹೊಸದು, ಹೊಸದರ ಪಕ್ಷದವರಿಗೆ ಸಾಲದಷ್ಟು ಹೊಸದು. ಎರಡು ಕಡೆಯಿಂದಲೂ ಕಲ್ಲು ಬೀಳುವ ಜಾಗದಲ್ಲಿ ನಿಂತು ಹಾಡಿದ ಆ ಕಲಾವಿದನ ಬಗ್ಗೆ ನನಗೆ ಅಂದೇ ಒಂದು ಗೌರವ ಹುಟ್ಟಿತು.

ಕಾಕಾನ ಮೇಳದಲ್ಲಿ ತಾಳ ಹಾಕುವ ಹಿರಿಯರೊಬ್ಬರಿದ್ದರು. ಅವರ ತಕರಾರು ಬೇರೆ. ರಘು ದೀಕ್ಷಿತರು 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಹಾಡಿದ್ದನ್ನು ಅಳಿಯ ತೋರಿಸಿದಾಗ ಅವರು ಫೋನನ್ನು ದೂರ ಹಿಡಿದು ನೋಡಿ ತಲೆ ಅಲ್ಲಾಡಿಸಿದರು. “ಹಾಡಿದ್ದಕ್ಕ ನಂದೇನಿಲ್ಲ. ಆದ್ರ ತತ್ವಪದಾ ಕುಂತು ಹಾಡೂದು. ನಿಂತು ಜಿಗದು ಹಾಡಿದ್ರ ಅದು ಎದಿಯಾಗಿಂದ ಬರಂಗಿಲ್ಲ, ಕಾಲಾಗಿಂದ ಬರತೈತಿ.” ಇದಕ್ಕೆ ಕಾಕಾ ಎದುರಾಡಲಿಲ್ಲ. ಅವರೂ ಎಂದೂ ನಿಂತು ಪದ ಹೇಳಿದವರಲ್ಲ.

ನಿಲ್ಲುವುದೋ ಕೂಡುವುದೋ ಎಂಬ ಈ ಪ್ರಶ್ನೆಗೆ ನಮ್ಮ ರಸ್ತೆಯಲ್ಲಿಯೇ ನಾನೂರು ವರ್ಷದ ವಯಸ್ಸಾಗಿದೆ. ತಿಕೋಟಾದಿಂದ ವಿಜಯಪುರಕ್ಕೆ ಬರುವಾಗ ಪಟ್ಟಣ ಇನ್ನೂ ಕೆಲವು ಕಿಲೋಮೀಟರು ಇದೆ ಎನ್ನುವಾಗ ತೊರವಿ ಸಿಗುತ್ತದೆ. ಎರಡನೆಯ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ನವರಸಪುರ ಎಂಬ ಊರನ್ನು ಕಟ್ಟಲು ತೊಡಗಿದ್ದು ಅಲ್ಲಿ. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಕೊಳ್ಳೆ ಹೊಡೆಯಿತು. ಉಳಿದವುಗಳಲ್ಲಿ ಸಂಗೀತ ಮಹಲ್ ಒಂದು. ಅದರ ದೊಡ್ಡ ಕಮಾನು ಈಗಲೂ ನಿಂತಿದೆ. ಈ ದೊರೆ ದಖನಿ ಭಾಷೆಯಲ್ಲಿ ‘ಕಿತಾಬ್-ಎ-ನವರಸ್’ ಎಂಬ ಹಾಡುಗಳ ಪುಸ್ತಕ ಬರೆದ. ಆ ಹಾಡುಗಳಲ್ಲಿ ಸರಸ್ವತಿಯೂ ಇದ್ದಾಳೆ, ಕಲಬುರಗಿಯ ಬಂದೇನವಾಜರೂ ಇದ್ದಾರೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟು ಮುದ್ದಿಸಿದವನು ಅವನು. 1604ರ ಸುಮಾರಿಗೆ ಅಕ್ಬರನ ದೂತನಾಗಿ ಅಸದ್ ಬೇಗ್ ಎಂಬವನು ಇಲ್ಲಿಗೆ ಬಂದ. ರಾಜಕಾರಣದ ಮಾತಿನ ನಡುವೆ ಇಬ್ರಾಹಿಂ ಅವನಿಗೆ ಕೇಳಿದ ಪ್ರಶ್ನೆಗಳಲ್ಲಿ ಒಂದು: ತಾನಸೇನ ನಿಮ್ಮ ಬಾದಶಹನ ಮುಂದೆ ನಿಂತು ಹಾಡುತ್ತಿದ್ದನೋ, ಕೂತು ಹಾಡುತ್ತಿದ್ದನೋ? ಅಸದ್ ಬೇಗ್ ಇದನ್ನು ತನ್ನ ನೆನಪುಗಳಲ್ಲಿ ಬರೆದಿಟ್ಟಿದ್ದಾನೆ. ತಾಳದ ಹಿರಿಯರಿಗೆ ಇದನ್ನು ಹೇಳಿದಾಗ ಅವರಿಗೆ ಆ ದೊರೆ ಸೋದರಮಾವನಷ್ಟು ಹತ್ತಿರದವನಾಗಿ ಕಂಡ.

ಅಸದ್ ಬೇಗ್ ಇನ್ನೂ ಒಂದು ಸಂಗತಿ ಬರೆದಿದ್ದಾನೆ. ವಿಜಯಪುರದಲ್ಲಿ ಅವನು ತಂಬಾಕು ಕಂಡ. ಉತ್ತರದ ಸೀಮೆಯಲ್ಲಿ ಅಂಥದ್ದನ್ನು ಅವನು ನೋಡಿಯೇ ಇರಲಿಲ್ಲ. ಅದನ್ನೂ, ರತ್ನ ಕೂಡಿಸಿದ ಸೇದುವ ಕೊಳವೆಯನ್ನೂ ಸಿದ್ಧಪಡಿಸಿ ಅಕ್ಬರನ ಮುಂದೆ ಇಟ್ಟ. ಬಾದಶಹ ಒಂದೆರಡು ದಮ್ಮು ಎಳೆದ. ಆಸ್ಥಾನದ ಹಕೀಮ ಅಡ್ಡ ಬಂದ. ನಮ್ಮ ಹಿರಿಯರು ಇದರ ಬಗ್ಗೆ ಏನೂ ಬರೆದಿಲ್ಲ, ಪರದೇಶದವರು ಮಾಡುತ್ತಾರೆಂದು ಪರೀಕ್ಷೆಯಿಲ್ಲದೆ ನಾವು ಮಾಡಬಾರದು ಎಂಬುದು ಅವನ ವಾದ. ಲೋಕದ ಎಲ್ಲ ರೂಢಿಗಳೂ ಒಂದು ಕಾಲಕ್ಕೆ ಹೊಸವೇ ಆಗಿದ್ದವು, ಒಂದೊಂದಾಗಿ ಬಂದು ಹಳೆಯವಾದವು ಎಂಬುದು ಅಸದ್ ಬೇಗನ ಜವಾಬು. ದರಬಾರಿನ ಮಂದಿ ತಂಬಾಕಿಗೆ ಒಲಿದರು, ಅಕ್ಬರ ಮಾತ್ರ ಅದನ್ನು ರೂಢಿ ಮಾಡಿಕೊಳ್ಳಲಿಲ್ಲ. ನಮ್ಮೂರಿನಿಂದ ಹೋದ ತಂಬಾಕಿನ ಮೇಲೆ ಅಷ್ಟು ದೂರದಲ್ಲಿ ನಡೆದ ಹರದೇಶಿ–ನಾಗೇಶಿ ಇದು.

ನಾನು ಈ ಪ್ರಸಂಗವನ್ನು ಬಹಳ ಸಲ ಯೋಚಿಸಿದ್ದೇನೆ. ರೂಢಿಯ ವಿಚಾರದಲ್ಲಿ ಅಸದ್ ಬೇಗ್ ಹೇಳಿದ್ದು ಸರಿ. ತಂಬಾಕಿನ ವಿಚಾರದಲ್ಲಿ ಹಕೀಮ ಹೇಳಿದ್ದು ಸರಿ, ಅದನ್ನು ನಾವು ಇಂದು ಎಷ್ಟೋ ಮನೆಗಳ ಸಾವಿನಲ್ಲಿ ನೋಡುತ್ತಿದ್ದೇವೆ. ಹೊಸದೆಂಬ ಕಾರಣಕ್ಕೆ ಒಂದನ್ನು ತಳ್ಳುವುದು ಹೇಗೆ ಸಲ್ಲದೋ ಹಾಗೆಯೇ ಹೊಸದೆಂಬ ಕಾರಣಕ್ಕೆ ಎತ್ತಿ ಮೆರೆಸುವುದೂ ಸಲ್ಲದು. ಹಕೀಮ ಕೇಳಿದ್ದು ಪರೀಕ್ಷೆಯನ್ನು. ಹಾಡಿನ ಪರೀಕ್ಷೆ ಎಂದರೆ ಪೂರ್ತಿ ಕೇಳುವುದು, ಬೇರೆ ಏನೂ ಇಲ್ಲ. ಅದಾದ ಮೇಲೆ ಎಷ್ಟು ಬೇಕಾದರೂ ಜಗಳವಾಡಬಹುದು.

ತಂಬಾಕು ಸೇದುವ ಆ ಕೊಳವೆ ಗುಡುಗುಡಿಯಾಗಿ, ಎರಡು ನೂರು ವರ್ಷ ದಾಟುವಷ್ಟರಲ್ಲಿ ಹಳ್ಳಿಯ ಚಾವಡಿಯ ಸಾಮಾನಾಗಿತ್ತು. ಶರೀಫರು (1819–1889) ಅದನ್ನು ಎತ್ತಿಕೊಂಡು ದೇಹ, ಮನಸ್ಸು, ಉಸಿರುಗಳ ವಿಚಾರ ಹೇಳಿದರು. ಅವರ ಕೈಗೆ ಸಿಕ್ಕ ಯಾವ ವಸ್ತುವೂ ಪದವಾಗದೆ ಉಳಿಯುತ್ತಿರಲಿಲ್ಲ. ಆಗಷ್ಟೇ ಬಂದಿದ್ದ ಗಿರಣಿಯ ಮೇಲೂ ಪದ ಕಟ್ಟಿದರು, ಮೊಹರಂ ಹೆಜ್ಜೆಗೆ ರಿವಾಯತ್ ಕಟ್ಟಿದರು. ಮುಸಲ್ಮಾನರ ಮನೆಯಲ್ಲಿ ಹುಟ್ಟಿ ಕಳಸದ ಗೋವಿಂದಭಟ್ಟರನ್ನು ಗುರುವೆಂದು ಹಿಡಿದಾಗ ಎರಡೂ ಕಡೆಯ ಮಂದಿ ಮುಖ ತಿರುಗಿಸಿದರು ಎಂದು ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಪ್ರಯೋಗ ಮಾಡಿದವರ ಪದವನ್ನು ಪ್ರಯೋಗ ಮಾಡುವವರು ಮುಟ್ಟಬಾರದು ಎಂದರೆ ನನ್ನ ಮನಸ್ಸು ಒಪ್ಪುವುದಿಲ್ಲ.

ಅಕ್ಕ ಒಪ್ಪದಿದ್ದದ್ದು ಬೇರೆ ಕಾರಣಕ್ಕೆ, ಮತ್ತು ಅವಳ ಮಾತಿಗೆ ನನ್ನಲ್ಲಿ ಇಂದಿಗೂ ಜವಾಬಿಲ್ಲ. ಬಬಲೇಶ್ವರದ ಅವಳ ಅತ್ತೆಯ ಮನೆ ಹಳೆಯ ಮಾಳಿಗೆ ಮನೆ. ಕಟ್ಟಿಗೆಯ ತೊಲೆ, ಜಂತಿ, ಮೇಲೆ ಗಟ್ಟಿಯಾಗಿ ಬಡಿದ ಮಣ್ಣು, ನಡುವೆ ಬೆಳಕಿಂಡಿ. ಮಳೆಗಾಲಕ್ಕೆ ಮೊದಲು ಹಾಳಮಣ್ಣು ಹೊತ್ತು ಹಾಕಿ, ಬಿರುಕು ಮುಚ್ಚಿ, ಬೆಳೆದ ಹುಲ್ಲು ಕಿತ್ತು ಸಜ್ಜು ಮಾಡಬೇಕು. ಒಂದು ವರ್ಷ ಅಲಕ್ಷ್ಯ ಮಾಡಿದರೆ ಮುಂದಿನ ಮಳೆಗೆ ಅದು ಸೇಡು ತೀರಿಸಿಕೊಳ್ಳುತ್ತದೆ. ನಮ್ಮದು ಮಳೆ ಕಡಿಮೆಯ ನಾಡು, ಹಾಗಾಗಿಯೇ ಈ ಮಾಳಿಗೆ ಇಲ್ಲಿ ನಡೆಯುತ್ತದೆ. ಆದರೆ 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆ ಅಕ್ಟೋಬರ್ ಬಂದರೂ ಬಿಡಲಿಲ್ಲ. ಉತ್ತರ ಕರ್ನಾಟಕದ ಜಿಲ್ಲೆ ಜಿಲ್ಲೆಗಳಲ್ಲಿ ಮಣ್ಣಿನ ಮನೆಗಳು ನೆನೆದು ನೆನೆದು ಕುಸಿದವು, ಮಲಗಿದ್ದವರ ಮೇಲೆಯೇ ಬಿದ್ದವು. ಅಕ್ಕ ಆ ರಾತ್ರಿಗಳಲ್ಲಿ ಮನೆಯ ಕೊಡ, ಭಗೋಣಿ, ತಂಬಿಗೆ ಎಲ್ಲವನ್ನೂ ತೊಟ್ಟಿಕ್ಕುವ ಕಡೆ ಇಟ್ಟು, ಮಕ್ಕಳನ್ನು ಬಾಗಿಲ ಚೌಕಟ್ಟಿನ ಕೆಳಗೆ ಮಲಗಿಸಿ, ತಾನು ಎಚ್ಚರವಿದ್ದು ಜಂತಿಯನ್ನೇ ನೋಡುತ್ತ ಕೂತಿದ್ದಳು. ಮನೆ ಉಳಿಯಿತು. ಹಿಂದಿನ ಓಣಿಯಲ್ಲಿ ಎಲ್ಲವೂ ಉಳಿಯಲಿಲ್ಲ.

ಆ ಮಳೆಯ ಮುಂದಿನ ದೀಪಾವಳಿಗೆ ಬಂದಾಗ ಅವಳಿಗೆ ನಾನು ಎರಡೂ ಹಾಡು ಕೇಳಿಸಿದೆ. ‘ಗುಡುಗುಡಿ’ ಅವಳಿಗೆ ಹಿಡಿಸಲಿಲ್ಲ. “ಇದು ಕುಣ್ಯಾಕ ಮಾಡಿದ್ದು ತಂಗಿ. ಕುಣೀಲಿ, ಬ್ಯಾಡನ್ನಂಗಿಲ್ಲ. ಆದ್ರ ಒಂದ ನುಡಿ ಮುಗೀತಂದ್ರ ಅದರ ಅರ್ಥ ಒಳಗ ಇಳ್ಯಾಕ ಒಂದೀಟು ಜಾಗಾ ಬೇಕಲ್ಲ? ಇಂವ ಜಾಗಾ ಬಿಟ್ಟಿಲ್ಲ.” ಭಜನೆ ಕೇಳಿ ಗೊತ್ತಿದ್ದವರಿಗೆ ಈ ಮಾತು ತಿಳಿಯುತ್ತದೆ. ನಮ್ಮಲ್ಲಿ ಒಂದು ನುಡಿ ಹೇಳಿ ಪದ ನಿಲ್ಲಿಸುವುದುಂಟು. ಮೇಳದ ಒಬ್ಬರು ಅದರ ಅರ್ಥ ಬಿಡಿಸುತ್ತಾರೆ, ಕೂತವರಲ್ಲಿ ಯಾರೋ ಒಬ್ಬರು ಪ್ರಶ್ನೆ ಹಾಕುತ್ತಾರೆ, ಅದು ಇತ್ಯರ್ಥವಾದ ಮೇಲೆ ಮತ್ತೆ ಪಲ್ಲವಿ. ಒಂದು ಪದ ಮುಗಿಯಲು ಅರ್ಧ ತಾಸು ಹಿಡಿದರೂ ಯಾರೂ ಗಡಿಯಾರ ನೋಡುವುದಿಲ್ಲ. ಆಲ್ಬಮ್ಮಿನಲ್ಲಿ ನುಡಿ ನುಡಿಯ ನಡುವೆ ವಾದ್ಯ ಬರುತ್ತದೆ, ಮನುಷ್ಯ ಬರುವುದಿಲ್ಲ. ಇದು ರಘು ಒಬ್ಬರ ಸಂಗತಿಯಲ್ಲ, ಧ್ವನಿಮುದ್ರಣದ ಸಂಗತಿ. ಆದರೂ ಅಕ್ಕ ಕೇಳಿದ ಜಾಗ ತತ್ವಪದದ ಜೀವ ಇರುವ ಜಾಗ.

‘ಸೋರುತಿಹುದು’ ಮುಗಿದಾಗ ಅವಳು ಮಾತಾಡಲಿಲ್ಲ. ಆಮೇಲೆ ಅಂದಳು: “ಇಂವ ಮಾಳಿಗಿ ಸೋರೂದು ನೋಡ್ಯಾನೋ ಇಲ್ಲೋ. ಆದ್ರ ಅಂಜ್ಯಾನ.” ನನಗೂ ಆ ಹಾಡಿನಲ್ಲಿ ಕೇಳಿಸುವುದು ಅಂಜಿಕೆಯೇ. ಅವರು ಧ್ವನಿಯನ್ನು ಎತ್ತುವಾಗ ಅದು ಗಂಟಲಿನ ಬಲ ತೋರಿಸಲು ಎತ್ತಿದ್ದಲ್ಲ, ಒಳಗೆ ಯಾರೂ ಇಲ್ಲದ ಮನೆಯ ಬಾಗಿಲಲ್ಲಿ ನಿಂತು ಕರೆದ ಹಾಗೆ ಇದೆ. ಮೈಸೂರಿನ ಕನ್ನಡದವರು ನಮ್ಮ ಕಡೆಯ ‘ಮಾಳಿಗಿ’ಯನ್ನು ಹಾಗೆಯೇ ಉಳಿಸಿಕೊಂಡು ಹಾಡಿದ್ದಾರೆ. ಎಂಟರಲ್ಲಿ ಈ ಒಂದು ಹಾಡನ್ನು ನಾನು ಯಾರ ಎದುರಿಗೂ ಎತ್ತಿ ಹಿಡಿದು ವಾದಿಸಬಲ್ಲೆ.

ವಾದಿಸಬೇಕಾಗಿ ಬಂದದ್ದು ಕಾಕಾನ ಎದುರು. ‘ಗುಡುಗುಡಿ’ಗೆ ಕೈತಾಳ ಹಾಕಿದ ಅದೇ ಕಾಕಾ ‘ಸೋರುತಿಹುದು’ ಕೇಳಿ ಒಪ್ಪಲಿಲ್ಲ.

“ಇದರಾಗ ಅಳು ಐತಿ ಮಗಳ. ಶರೀಫಜ್ಜ ಅತ್ತಿಲ್ಲ. ಮನಿ ಸೋರಾಕ ಹತ್ತೇತಿ, ಮನೀ ಯಜಮಾನ ಗೊರಕಿ ಹೊಡಿಯಾಕ ಹತ್ಯಾನ. ಅಂವನ ಮುಂದ ಕುಂತು ಅತ್ರ ಏನ ಬಂತು? ಅಂವನ್ನ ಎಬ್ಬಸಬೇಕು. ನಮ್ಮ ಧಾಟಿ ಎಬ್ಬಸೂ ಧಾಟಿ.”

ಎಂದವರೇ ಪೇಟಿ ಎಳೆದುಕೊಂಡು ಹಾಡಿ ತೋರಿಸಿದರು. ನಾನು ಬೆರಗಾಗಿ ಹೋದೆ. ನನಗೆ ಗೊತ್ತಿದ್ದ ಯಾವ ಧಾಟಿಯೂ ಅದಾಗಿರಲಿಲ್ಲ. ಚುರುಕು ನಡೆ, ನುಡಿಯ ಕೊನೆಗೆ ಒಂದು ಚುಚ್ಚು, ಪಲ್ಲವಿಗೆ ಮರಳುವಾಗ ತಾಳ ಒಮ್ಮೆ ತಡೆದು ಬೀಳುವ ರೀತಿ. ಮಲಗಿದವನ ಹಾಸಿಗೆ ಎಳೆದ ಹಾಗಿತ್ತು. ಇದು ತಮ್ಮ ಗುರುಗಳು ಹೇಳಿಕೊಟ್ಟ ಧಾಟಿ, ಅವರಿಗೆ ಅವರ ಗುರುಗಳಿಂದ ಬಂದದ್ದು ಎಂದರು ಕಾಕಾ. ಹಾಗಾದರೆ ಇಷ್ಟು ವರ್ಷ ನನಗೇಕೆ ಕೇಳಿಸಿರಲಿಲ್ಲ?

ಅದಕ್ಕೆ ಅವರು ಹೇಳಿದ ಕಾರಣ ನನ್ನನ್ನು ಇಂದಿಗೂ ಕಾಡುತ್ತದೆ. ಹಿಂದೆ ಒಂದೊಂದು ಊರಿಗೆ ಒಂದೊಂದು ಧಾಟಿ ಇತ್ತು. ಆಮೇಲೆ ಕ್ಯಾಸೆಟ್ಟು ಬಂತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ‘ನಿತ್ಯೋತ್ಸವ’ ಬಂದು ಭಾವಗೀತೆಗೆ ಕ್ಯಾಸೆಟ್ಟಿನ ದಾರಿ ತೆರೆಯಿತು. ಅದೇ ದಾರಿಯಲ್ಲಿ ಸಿ. ಅಶ್ವಥ್ ಅವರ ಶರೀಫ ಗೀತೆಗಳು ಕರ್ನಾಟಕದ ಮೂಲೆಮೂಲೆಗೂ ಹೋದವು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂತು. ಶ್ರೀಧರ್ ಶರೀಫರಾಗಿ, ಗಿರೀಶ ಕಾರ್ನಾಡರು ಗೋವಿಂದಭಟ್ಟರಾಗಿ ಕಂಡರು, ಅಶ್ವಥ್ ಸಂಗೀತ ಮನೆಮನೆ ತುಂಬಿತು. ಗಾಂಧಿ ಚೌಕದ ಸುತ್ತಲಿನ ಅಂಗಡಿಗಳಲ್ಲಿ ಆ ಕ್ಯಾಸೆಟ್ಟು ಇಲ್ಲದ ಅಂಗಡಿಯೇ ಇರಲಿಲ್ಲ. ನಾನೂ ಅದನ್ನು ಟೇಪು ಸವೆಯುವಷ್ಟು ಕೇಳಿದವಳು. ಅಶ್ವಥ್ ಇಲ್ಲದಿದ್ದರೆ ಬೆಂಗಳೂರು, ಮೈಸೂರಿನ ಕಡೆಯವರಿಗೆ ಶರೀಫರು ಇಷ್ಟು ಆಪ್ತರಾಗುತ್ತಿದ್ದರೆಂದು ನನಗನ್ನಿಸುವುದಿಲ್ಲ. ಆದರೆ ಕ್ಯಾಸೆಟ್ಟು ಬಂದ ಮೇಲೆ ಭಜನೆಗೆ ಬಂದ ಹುಡುಗರು ಕಾಕಾನ ಧಾಟಿ ಕೇಳಿ, ಹೀಗಲ್ಲ, ಕ್ಯಾಸೆಟ್ಟಿನಲ್ಲಿ ಬೇರೆ ಥರ ಇದೆ ಎಂದು ತಿದ್ದಲು ಬಂದರಂತೆ. ಕಾಕಾ ಬೇಸರಪಟ್ಟುಕೊಳ್ಳಲಿಲ್ಲ. ಮಂದಿ ಕೂಡಿ ಹಾಡುವುದು ಮುಖ್ಯ ಎಂದು ತಮ್ಮ ಧಾಟಿಯನ್ನು ಬದಿಗಿಟ್ಟು ಅವರದನ್ನೇ ಹಾಡಿದರು.

ಹಾಗಾಗಿ ರಘು ದೀಕ್ಷಿತರು ಮೂಲವನ್ನು ಕೆಡಿಸಿದರು ಎಂದು ನಮ್ಮ ಪಟ್ಟಣದ ಓದಿದ ಮಂದಿ ಸಿಟ್ಟಾದಾಗ ಅವರು ಮೂಲವೆನ್ನುತ್ತಿದ್ದುದು ಬಹಳ ಸಲ ತಮ್ಮ ಹರೆಯದ ಕ್ಯಾಸೆಟ್ಟನ್ನು. ಆ ಕ್ಯಾಸೆಟ್ಟಿನಲ್ಲಿಯೂ ತಬಲಾ, ವಯೋಲಿನ್ನು, ಕೊಳಲುಗಳ ವಾದ್ಯಮೇಳ ಇದೆ. ಶಿಶುನಾಳದ ಗುಡಿಯ ಕಟ್ಟೆಯ ಮೇಲೆ ಅವು ಯಾವುವೂ ಇರಲಿಲ್ಲ. ನಾವು ಮೊದಲು ಯಾರ ಬಾಯಲ್ಲಿ ಕೇಳಿದೆವೋ ಅವರೇ ನಮಗೆ ಶರೀಫರು. ಅದರಲ್ಲಿ ತಪ್ಪೇನೂ ಇಲ್ಲ, ಪ್ರೀತಿ ಹುಟ್ಟುವುದೇ ಹಾಗೆ. ನನ್ನ ಬೇಡಿಕೆ ಒಂದೇ. ನನ್ನ ಪ್ರೀತಿಗೆ ಮೊದಲೂ ಒಂದು ಧಾಟಿ ಇತ್ತು, ಅದನ್ನು ಹಾಡುವವರು ಪಕ್ಕದ ಮನೆಯಲ್ಲಿಯೇ ಇದ್ದಾರೆ, ಹೋಗಿ ಅದನ್ನೂ ಕೇಳೋಣ. ರಘುವಿನ ಆಲ್ಬಮ್ಮಿನ ಜಗಳ ಏಳದಿದ್ದರೆ ಕಾಕಾ ಆ ದಿನ ಪೇಟಿ ಎಳೆದುಕೊಳ್ಳುತ್ತಿರಲಿಲ್ಲ. ಇದಕ್ಕಾಗಿ ನಾನು ಆ ಆಲ್ಬಮ್ಮಿಗೆ ಋಣಿ.

ಉಳಿದ ಆರು ಹಾಡುಗಳ ಬಗ್ಗೆಯೂ ಹೇಳಬೇಕು, ಇಲ್ಲದಿದ್ದರೆ ನನ್ನ ಮಾತಿಗೆ ನಾನೇ ತಪ್ಪಿದ ಹಾಗಾಗುತ್ತದೆ. ‘ಮೈಸೂರ್ ಸೇ ಆಯೀ’ ನಮ್ಮ ಮನೆಯ ಎಲ್ಲರಿಗೂ ಹಿಡಿಸಿತು, ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ. ‘ಅಂಬರ್’ ನನಗೆ ಇಷ್ಟ, ರಾತ್ರಿ ಪ್ರಯಾಣದಲ್ಲಿ ಕೇಳುತ್ತೇನೆ. ಇಂಗ್ಲಿಷಿನ ಪ್ರೇಮಗೀತೆ ನನಗೆ ಹತ್ತಲಿಲ್ಲ, ಅಳಿಯ ಅದನ್ನೇ ಎಲ್ಲಕ್ಕಿಂತ ಮೇಲೆ ಇಡುತ್ತಾನೆ. ಒಂದೇ ಆಲ್ಬಮ್ಮಿನಲ್ಲಿ ಹಿಂದಿ, ಇಂಗ್ಲಿಷು, ಕನ್ನಡ ಬೆರೆಸಿದ್ದು ವ್ಯಾಪಾರದ ಯುಕ್ತಿ ಎಂದು ಒಬ್ಬ ಗೆಳತಿ ಅಂದಳು. ನನಗೆ ಹಾಗನ್ನಿಸಲಿಲ್ಲ. ಕನ್ನಡ, ದಖನಿ, ಮರಾಠಿ ಮೂರನ್ನೂ ಒಂದೇ ಸಂತೆಯಲ್ಲಿ ಆಡುವ ಊರು ನಮ್ಮದು. ಸಿದ್ಧೇಶ್ವರ ಜಾತ್ರೆಯ ಒಂದು ಸುತ್ತಿನಲ್ಲಿ ಕಿವಿಗೆ ಎಷ್ಟು ಭಾಷೆಯ ಹಾಡು ಬೀಳುತ್ತವೆ! ಹಿಂದಿ ಹಾಡಿಗೆಂದು ಸೀಡಿ ಕೊಂಡ ದೂರದ ಊರಿನ ಹುಡುಗನೊಬ್ಬ ನಡುವೆ ಶರೀಫರಿಗೆ ಎಡವಿದರೆ ಅದಕ್ಕಿಂತ ಒಳ್ಳೆಯದೇನಿದೆ? 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆ ಹೊಸ ಕಲಾವಿದರಿಗೆ ಕೊಡುವ ಪ್ರಶಸ್ತಿಯನ್ನು ರಘುವಿಗೆ ಕೊಟ್ಟಿತು. ಆ ಸುದ್ದಿ ಓದಿದಾಗ ನನಗೆ ಆದ ಹೆಮ್ಮೆಯಲ್ಲಿ ಅರ್ಧ ಪಾಲು ಶಿಶುನಾಳದ್ದು.

ಈಗ ಕಾಕಾನಿಗೆ ಎಂಬತ್ತು ದಾಟಿದೆ. ಅಳಿಯ ಪುಣೆಯಲ್ಲಿ ಕೆಲಸದಲ್ಲಿದ್ದಾನೆ, ದ್ರಾಕ್ಷಿ ಬಳ್ಳಿ ಸವರುವ ಚಾಟ್ನಿ ಸಮಯಕ್ಕೆ ರಜೆ ಹಾಕಿ ಬರುತ್ತಾನೆ. ಅವನಿಗೆ ರಘುವಿನ ಗಿಟಾರು ಇಂದಿಗೂ ಸಾದಾ. ಆದರೆ ಕಾಕಾನ ಧಾಟಿ ಅವನ ತಲೆ ಹೊಕ್ಕಿದೆ. ಕಳೆದ ಸಲ ಬಂದಾಗ ಗಿಟಾರಿನ ತಂತಿಗಳನ್ನು ಒಂದೊಂದಾಗಿ ಸಡಿಲಿಸಿ ಬಿಗಿದು ಕಾಕಾನ ಹಳೆಯ ಪೇಟಿಗೆ ಹೊಂದಿಸುತ್ತ ಒಂದು ಮಧ್ಯಾಹ್ನ ಕಳೆದ. ಪೇಟಿ ಈಗಿನ ಶ್ರುತಿಯ ಲೆಕ್ಕಕ್ಕೆ ಸ್ವಲ್ಪ ಕೆಳಗೆ ನಿಲ್ಲುತ್ತದೆ, ಅದರ ಪಟ್ಟಿಗಳನ್ನು ತಿದ್ದುವವರು ಊರಲ್ಲಿ ಯಾರೂ ಉಳಿದಿಲ್ಲ. ಈ ಶ್ರಾವಣ ಸೋಮವಾರದ ಭಜನೆಯಲ್ಲಿ ‘ಸೋರುತಿಹುದು’ ಮೂರು ಧಾಟಿಯಲ್ಲಿ ಹಾಡುವುದೆಂದು ತೀರ್ಮಾನವಾಗಿದೆ: ಕಾಕಾನದು, ಕ್ಯಾಸೆಟ್ಟಿನದು, ರಘುವಿನದು. ತಾಳದ ಹಿರಿಯರು ಗಿಟಾರಿಗೆ ಒಪ್ಪಿದ್ದಾರೆ, ಹುಡುಗ ಕೂತು ಬಾರಿಸಬೇಕು ಎಂಬ ಕರಾರಿನ ಮೇಲೆ. ನುಡಿ ನುಡಿಯ ನಡುವೆ ಅರ್ಥ ಹೇಳಲು ಬಿಡುವು ಇರಬೇಕೆಂದು ಅಕ್ಕ ಬಬಲೇಶ್ವರದಿಂದ ಎರಡು ಸಲ ಫೋನು ಮಾಡಿದ್ದಾಳೆ.

ಯಾವುದು ಮೊದಲು ಎಂಬುದು ಮಾತ್ರ ಇನ್ನೂ ಬಗೆಹರಿದಿಲ್ಲ. ಹಳೆಯದೇ ಮೊದಲಾಗಲಿ ಎಂದು ನಾನು, ನಿದ್ದೆಗಣ್ಣಿನ ಹೊತ್ತಿಗೆ ಬೇಕಾಗುವುದು ತಮ್ಮ ಧಾಟಿ, ಅದು ಕೊನೆಗಿರಲಿ ಎಂದು ಕಾಕಾ. ಅಳಿಯನಿಗೆ ರಘುವಿನದನ್ನು ಮೊದಲೇ ಹಾಡಿ ಮುಗಿಸಿದರೆ ಉಳಿದ ರಾತ್ರಿ ಕಾಕಾನ ಹಿಂದೆ ಕೂತು ಬಾರಿಸಬಹುದು ಎಂಬ ಆಸೆ. ನಿನ್ನೆ ಅಕ್ಕನ ಫೋನು ಮತ್ತೆ ಬಂತು. “ಹೆಣ್ಣಮಕ್ಕಳು ನಾವೂ ಒಂದು ಧಾಟಿ ತರಾವ್ರು ಅದೀವಿ, ನಮ್ಮತ್ತಿ ಮಾಳಿಗಿ ಬಡಿಯೂ ಮುಂದ ಹಾಡತಿದ್ಲಲ್ಲ, ಅದು. ಅದನ್ನ ಎಲ್ಲಿ ಇಡತೀರಿ, ಕಾಕಾಗ ಕೇಳಿ ಹೇಳು.”